ಹೆಪಟೈಟಿಸ್ ಸಿ: ಮೊದಲ ರಿಪೋರ್ಟ್‌ಗೆ ಹೆದರಬೇಡಿ, ಎರಡನೇ ಟೆಸ್ಟ್ ಬಿಡಬೇಡಿ

ಯಾವುದೋ ಆಪರೇಷನ್‌ಗೆ ಮುಂಚೆ ರಕ್ತ ಪರೀಕ್ಷೆ ಮಾಡಿಸಿದ್ದೀರಿ ಅಂದುಕೊಳ್ಳಿ. ಸಕ್ಕರೆ ಸರಿಯಾಗಿದೆ, ಹಿಮೋಗ್ಲೋಬಿನ್ ಸರಿಯಾಗಿದೆ. ಕೆಳಗೆ ಒಂದು ಸಾಲು ಮಾತ್ರ ದಪ್ಪ ಅಕ್ಷರದಲ್ಲಿದೆ: 'ಆಂಟಿ ಎಚ್‌ಸಿವಿ – ರಿಯಾಕ್ಟಿವ್'. ಜ್ವರವಿಲ್ಲ, ಹೊಟ್ಟೆನೋವಿಲ್ಲ, ಕಣ್ಣು ಹಳದಿಯಾಗಿಲ್ಲ. ಆದರೂ ರಿಪೋರ್ಟ್ ಹೀಗೆ ಹೇಳುತ್ತಿದೆ. ಎಚ್‌ಸಿವಿ ಅಂದರೆ ಹೆಪಟೈಟಿಸ್ ಸಿ ವೈರಸ್, ರಿಯಾಕ್ಟಿವ್ ಅಂದರೆ ಪಾಸಿಟಿವ್.

ಇಲ್ಲಿಂದ ಜನ ಎರಡು ದಾರಿ ಹಿಡಿಯುತ್ತಾರೆ. ಕೆಲವರು ರಾತ್ರಿಯೆಲ್ಲಾ ನಿದ್ದೆಗೆಟ್ಟು ಲಿವರ್ ಕ್ಯಾನ್ಸರ್ ಬಗ್ಗೆ ಹುಡುಕುತ್ತಾರೆ. ಇನ್ನು ಕೆಲವರು 'ನನಗೇನೂ ಆಗಿಲ್ವಲ್ಲ' ಅಂತ ರಿಪೋರ್ಟನ್ನು ಬೀರುವಿನಲ್ಲಿಟ್ಟು ಮರೆತುಬಿಡುತ್ತಾರೆ. ಎರಡೂ ತಪ್ಪು. ಎರಡನೆಯದು ಜಾಸ್ತಿ ಅಪಾಯ, ಯಾಕೆಂದರೆ ಈ ಕಾಯಿಲೆಗೆ ಈಗ ಪೂರ್ತಿ ಗುಣ ಮಾಡುವ ಮಾತ್ರೆಗಳಿವೆ. ಸುಮ್ನೆ ಕೂತು ಲಿವರ್ ಹಾಳು ಮಾಡಿಕೊಳ್ಳುವ ಕಾಲ ಇದಲ್ಲ.

ಆ ಸಾಲು ಕಂಡ ದಿನದಿಂದ ಗುಣವಾಗಿದೆ ಅಂತ ಖಾತ್ರಿಯಾಗುವ ದಿನದವರೆಗೆ ಏನೇನು ಮಾಡಬೇಕು ಅನ್ನುವುದನ್ನು ಒಂದೊಂದಾಗಿ ನೋಡೋಣ.

ಈ ವೈರಸ್ ಏನು ಮಾಡುತ್ತದೆ

ಹೆಪಟೈಟಿಸ್ ಅಂದರೆ ಲಿವರ್‌ನ ಉರಿಯೂತ. ಅದಕ್ಕೆ ಕಾರಣ ಹಲವು. ಎ, ಬಿ, ಸಿ ಅಂತ ಅಕ್ಷರ ಹಚ್ಚಿರುವುದು ಬೇರೆ ಬೇರೆ ವೈರಸ್‌ಗಳಿಗೆ. ಹೆಸರು ಒಂದೇ ಥರ ಇದೆ ಅಂತ ಇವು ಅಣ್ಣತಮ್ಮಂದಿರಲ್ಲ. ಎ ಬರುವುದು ಕೊಳಕು ನೀರು, ಆಹಾರದಿಂದ. ಬಿ ಮತ್ತು ಸಿ ಹಾಗಲ್ಲ. ಎ ಮತ್ತು ಬಿಗೆ ಲಸಿಕೆ ಇದೆ, ಸಿಗೆ ಇಲ್ಲ. ಆದರೆ ಸಿಯನ್ನು ಮಾತ್ರೆಯಿಂದ ದೇಹದಿಂದಲೇ ತೊಲಗಿಸಬಹುದು. ಬಿಯನ್ನು ಸಾಮಾನ್ಯವಾಗಿ ಹದ್ದುಬಸ್ತಿನಲ್ಲಿ ಇಡಬಹುದು ಅಷ್ಟೇ.

ತುಂಬಾ ಕಾಲ ಈ ವೈರಸ್‌ಗೆ ಹೆಸರೇ ಇರಲಿಲ್ಲ. ರಕ್ತ ಹಾಕಿಸಿಕೊಂಡವರಿಗೆ ಲಿವರ್ ಕಾಯಿಲೆ ಬರುತ್ತಿತ್ತು. ಪರೀಕ್ಷೆ ಮಾಡಿದರೆ ಎ ಅಲ್ಲ, ಬಿ ಕೂಡ ಅಲ್ಲ. ಹಾಗಾಗಿ ವೈದ್ಯರು ಅದನ್ನು 'ನಾನ್ ಎ, ನಾನ್ ಬಿ' ಅಂತಲೇ ಕರೆಯುತ್ತಿದ್ದರು. 1989ರಲ್ಲಿ ವೈರಸ್‌ನ ಗುರುತು ಸಿಕ್ಕಿತು. ಹಾರ್ವೆ ಆಲ್ಟರ್, ಮೈಕಲ್ ಹೌಟನ್, ಚಾರ್ಲ್ಸ್ ರೈಸ್ ಈ ಮೂವರಿಗೆ 2020ರಲ್ಲಿ ನೊಬೆಲ್ ಬಂದಿದ್ದು ಈ ಕೆಲಸಕ್ಕೇ.

ವೈರಸ್ ಒಳಗೆ ಹೋದ ಮೇಲೆ ಎರಡು ವಾರದಿಂದ ಆರು ತಿಂಗಳೊಳಗೆ ಏನಾದರೂ ಲಕ್ಷಣ ಕಾಣಬಹುದು: ಸುಸ್ತು, ವಾಕರಿಕೆ, ಜ್ವರ, ಕಾಮಾಲೆ. ಆದರೆ 100ರಲ್ಲಿ ಸುಮಾರು 80 ಜನರಿಗೆ ಏನೂ ಗೊತ್ತಾಗುವುದೇ ಇಲ್ಲ. ಸುಮಾರು 30 ಜನರ ದೇಹ ಆರು ತಿಂಗಳೊಳಗೆ ತಾನೇ ವೈರಸನ್ನು ಓಡಿಸಿಬಿಡುತ್ತದೆ, ಯಾವ ಔಷಧಿಯೂ ಇಲ್ಲದೆ. ಉಳಿದ 70 ಜನರಲ್ಲಿ ಅದು ಬೀಡು ಬಿಡುತ್ತದೆ. ಇವರಲ್ಲಿ 100ಕ್ಕೆ 15ರಿಂದ 30 ಜನರಿಗೆ 20 ವರ್ಷದೊಳಗೆ ಸಿರೋಸಿಸ್ ಆಗುತ್ತದೆ. ಅಂದರೆ ಲಿವರ್‌ನ ಮೆತ್ತನೆಯ ಭಾಗವೆಲ್ಲ ಗಾಯದ ಕಲೆಯಂತೆ ಗಟ್ಟಿಯಾಗುತ್ತದೆ. ಅಲ್ಲಿಂದ ಮುಂದೆ ಲಿವರ್ ಸೋಲಬಹುದು, ಕ್ಯಾನ್ಸರ್ ಬರಬಹುದು.

ಲಿವರ್ ದೂರು ಹೇಳದೆ ದುಡಿಯುವ ಅಂಗ. ಅದು ಬಾಯಿ ಬಿಡುವ ಹೊತ್ತಿಗೆ ಅರ್ಧ ಕಥೆ ಮುಗಿದಿರುತ್ತದೆ. 'ನಾನು ಆರಾಮಾಗಿದ್ದೀನಿ' ಅನ್ನುವುದನ್ನು ಈ ಕಾಯಿಲೆಯಲ್ಲಿ ಸಾಕ್ಷಿ ಅಂತ ಹಿಡಿಯುವ ಹಾಗಿಲ್ಲ.

ಯಾರು ಪರೀಕ್ಷೆ ಮಾಡಿಸಬೇಕು

ಈ ವೈರಸ್ ಹರಡುವುದು ರಕ್ತದಿಂದ ರಕ್ತಕ್ಕೆ. ಇದೊಂದು ಗೊತ್ತಿದ್ದರೆ ಉಳಿದಿದ್ದನ್ನೆಲ್ಲ ನೀವೇ ಊಹಿಸಬಹುದು.

ಒಬ್ಬರಿಗೆ ಚುಚ್ಚಿದ ಸೂಜಿ ಅಥವಾ ಸಿರಿಂಜನ್ನು ಇನ್ನೊಬ್ಬರಿಗೆ ಬಳಸುವುದು ದೊಡ್ಡ ದಾರಿ. ಸೂಜಿ ಬದಲಾಯಿಸಿದರೂ ಸಿರಿಂಜ್ ಅದೇ ಆದರೆ ಲಾಭವಿಲ್ಲ. ಹೇಗೆ ಅಂತ ನೋಡಿ. ಹತ್ತು ಜನರಿಗೆ ಆಗುವಷ್ಟು ಔಷಧಿ ಇರುವ ಒಂದು ಸಣ್ಣ ಬಾಟಲಿ ಇದೆ. ಮೊದಲನೆಯವರಿಗೆ ಚುಚ್ಚಿದಾಗ ಕಣ್ಣಿಗೆ ಕಾಣದಷ್ಟು ರಕ್ತ ಸಿರಿಂಜ್ ಒಳಗೆ ಹಿಂದಕ್ಕೆ ಬರುತ್ತದೆ. ಅದೇ ಸಿರಿಂಜ್‌ಗೆ ಹೊಸ ಸೂಜಿ ಹಾಕಿ ಮತ್ತೆ ಬಾಟಲಿಗೆ ಚುಚ್ಚಿದರೆ ಆ ರಕ್ತ ಬಾಟಲಿಯೊಳಗೆ ಸೇರುತ್ತದೆ. ಇನ್ನು ಉಳಿದ ಒಂಬತ್ತು ಜನರಿಗೆ ಎಷ್ಟೇ ಹೊಸ ಸಿರಿಂಜ್ ತೆಗೆದರೂ ಅಪಾಯ ತಪ್ಪಿದ್ದಲ್ಲ. ಈಜಿಪ್ಟಿನಲ್ಲಿ ಇಡೀ ದೇಶದ ಮಟ್ಟದಲ್ಲೇ ಇಂಥದ್ದು ಆಯಿತು. 1950ರ ದಶಕದಿಂದ 80ರ ದಶಕದವರೆಗೆ ಬಸವನಹುಳುವಿನ ಮೂಲಕ ಬರುವ ಒಂದು ಪರಾವಲಂಬಿ ಕಾಯಿಲೆಗೆ ಅಲ್ಲಿ ಜನರಿಗೆ ಸಾಮೂಹಿಕವಾಗಿ ಇಂಜೆಕ್ಷನ್ ಕೊಟ್ಟರು. ಸೂಜಿ, ಸಿರಿಂಜ್‌ಗಳನ್ನು ಸರಿಯಾಗಿ ಶುದ್ಧ ಮಾಡದೆ ಮತ್ತೆ ಮತ್ತೆ ಬಳಸಿದರು. ಒಂದು ಕಾಯಿಲೆ ಕಳೆಯಲು ಹೋಗಿ ಹೆಪಟೈಟಿಸ್ ಸಿ ಹರಡಿತು. ಅದೇ ದೇಶ ಮುಂದೆ ಕೋಟಿಗಟ್ಟಲೆ ಜನರನ್ನು ಪರೀಕ್ಷೆ ಮಾಡಿ ಚಿಕಿತ್ಸೆ ಕೊಟ್ಟು, 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯಿಂದ ಶಹಬ್ಬಾಸ್ ಅನ್ನಿಸಿಕೊಂಡಿತು.

ಹಾಗಾದರೆ ಯಾರು ಮಾಡಿಸಬೇಕು? ದಾನಿಗಳ ರಕ್ತದಲ್ಲಿ ಈ ವೈರಸ್ ಹುಡುಕುವ ಪದ್ಧತಿ ಬರುವ ಮುಂಚೆ ರಕ್ತ ಹಾಕಿಸಿಕೊಂಡವರು. ಪರೀಕ್ಷೆ ಶುರುವಾಗಿದ್ದೇ 1990ರ ದಶಕದಲ್ಲಿ, ಅದೂ ಎಲ್ಲ ಕಡೆ ಒಂದೇ ಸಲ ಅಲ್ಲ. ಡಯಾಲಿಸಿಸ್ ಮೇಲಿರುವವರು, ಪದೇ ಪದೇ ರಕ್ತ ಬೇಕಾಗುವ ಥಲಸ್ಸೇಮಿಯಾದಂಥ ಕಾಯಿಲೆ ಇರುವವರು, ಎಚ್‌ಐವಿ ಇರುವವರು. ಯಾವತ್ತಾದರೂ, ಒಂದೇ ಒಂದು ಸಲವಾದರೂ, ಸೂಜಿಯಿಂದ ಡ್ರಗ್ಸ್ ತೆಗೆದುಕೊಂಡವರು. ಶುಚಿತ್ವದ ಬಗ್ಗೆ ನಂಬಿಕೆ ಇಲ್ಲದ ಕಡೆ ಹಚ್ಚೆ ಹಾಕಿಸಿಕೊಂಡವರು. ಸೂಜಿ ಚುಚ್ಚಿಕೊಂಡ ಆಸ್ಪತ್ರೆ ಸಿಬ್ಬಂದಿ. ಸೋಂಕಿದ್ದ ತಾಯಿಗೆ ಹುಟ್ಟಿದ ಮಕ್ಕಳು. ಲಿವರ್ ಟೆಸ್ಟ್‌ನಲ್ಲಿ ಎಎಲ್‌ಟಿ ಅನ್ನುವ ಅಂಕಿ ಕಾರಣವಿಲ್ಲದೆ ಮೇಲಿರುವವರು.

ಈ ಪಟ್ಟಿಯಲ್ಲಿ ನೀವಿಲ್ಲದಿದ್ದರೂ ಜೀವನದಲ್ಲಿ ಒಮ್ಮೆ ಮಾಡಿಸಿಕೊಳ್ಳುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಇಪ್ಪತ್ತು ವರ್ಷದ ಹಿಂದೆ ಯಾರು ಯಾವ ಸೂಜಿ ಚುಚ್ಚಿದ್ದರು ಅಂತ ಯಾರಿಗೆ ನೆನಪಿರುತ್ತದೆ?

ಮೊದಲ ಟೆಸ್ಟ್: ಆಂಟಿಬಾಡಿ

ರಿಪೋರ್ಟ್‌ನಲ್ಲಿ ಕಾಣುವ 'ಆಂಟಿ ಎಚ್‌ಸಿವಿ' ಇದೇ. ಬೆರಳ ತುದಿಯ ರಕ್ತದಲ್ಲೂ ಮಾಡಬಹುದು, ತೋಳಿನಿಂದ ತೆಗೆದ ರಕ್ತದಲ್ಲೂ ಮಾಡಬಹುದು. ಇದು ಹುಡುಕುವುದು ವೈರಸನ್ನಲ್ಲ, ವೈರಸ್ ವಿರುದ್ಧ ದೇಹ ತಯಾರಿಸಿದ ಆಂಟಿಬಾಡಿಯನ್ನು. ಕಳ್ಳ ಬಂದಿದ್ದ ಅಂತ ಹೇಳುತ್ತದೆ. ಇನ್ನೂ ಮನೆಯಲ್ಲೇ ಇದ್ದಾನಾ, ಓಡಿಹೋದನಾ ಅಂತ ಹೇಳುವುದಿಲ್ಲ.

ತಾನಾಗಿಯೇ ವಾಸಿಯಾದ ಆ 30 ಜನರ ರಿಪೋರ್ಟೂ 'ರಿಯಾಕ್ಟಿವ್' ಅಂತಲೇ ಬರುತ್ತದೆ. ಮಾತ್ರೆ ತಿಂದು ಗುಣವಾದವರದ್ದೂ ಹಾಗೇ. ಒಮ್ಮೊಮ್ಮೆ ಸೋಂಕು ಬಂದೇ ಇರದವರಲ್ಲೂ ಸುಳ್ಳು ಪಾಸಿಟಿವ್ ಬರುತ್ತದೆ.

ನೆಗೆಟಿವ್ ಬಂದರೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯಿತು. ಆದರೆ ಎರಡು ಸಂದರ್ಭದಲ್ಲಿ ಅಷ್ಟಕ್ಕೇ ಬಿಡಬಾರದು. ಒಂದು, ಸೂಜಿ ಚುಚ್ಚಿಕೊಂಡೋ ಹೇಗೋ ಸೋಂಕು ತಗುಲಿರಬಹುದು ಅನ್ನುವ ಘಟನೆ ಇತ್ತೀಚೆಗೆ ಆಗಿದ್ದರೆ. ಆಂಟಿಬಾಡಿ ಕಾಣಿಸಿಕೊಳ್ಳಲು ಎರಡು ಮೂರು ತಿಂಗಳು ಬೇಕಾಗಬಹುದು. ಎರಡು, ಡಯಾಲಿಸಿಸ್, ಎಚ್‌ಐವಿ ಅಥವಾ ಬೇರೆ ಕಾರಣದಿಂದ ರೋಗನಿರೋಧಕ ಶಕ್ತಿ ತೀರಾ ಕಡಿಮೆ ಇದ್ದರೆ. ದೇಹ ಆಂಟಿಬಾಡಿ ತಯಾರಿಸದೆಯೂ ಇರಬಹುದು. ಇಂಥವರು ನೇರವಾಗಿ ಮುಂದಿನ ಟೆಸ್ಟ್‌ಗೇ ಹೋಗುವುದು ಸರಿ.

ಎರಡನೇ ಟೆಸ್ಟ್: ಇದೇ ನಿಜವಾದ ಉತ್ತರ

ಇದರ ಹೆಸರು 'ಎಚ್‌ಸಿವಿ ಆರ್‌ಎನ್‌ಎ'. ಲ್ಯಾಬ್‌ಗಳಲ್ಲಿ 'ಪಿಸಿಆರ್' ಅಥವಾ 'ವೈರಲ್ ಲೋಡ್' ಅಂತಲೂ ಹೇಳುತ್ತಾರೆ. ಇದು ರಕ್ತದಲ್ಲಿ ವೈರಸನ್ನೇ ಹುಡುಕುತ್ತದೆ. ಸೋಂಕು ತಗುಲಿದ ಒಂದೆರಡು ವಾರದಲ್ಲೇ ಇದು ಹಿಡಿಯುತ್ತದೆ.

ಎಷ್ಟೋ ಜನ ಬಿದ್ದುಹೋಗುವುದು ಇವೆರಡರ ನಡುವಿನ ಹಳ್ಳದಲ್ಲಿ. ಮೊದಲ ಟೆಸ್ಟ್ ಆಯಿತು, ಎರಡನೆಯದಕ್ಕೆ ಇನ್ನೊಂದು ದಿನ ಬನ್ನಿ ಅಂದರು, ಆ ದಿನ ಬರಲೇ ಇಲ್ಲ. ಹಾಗಾಗಿ ರಕ್ತ ಕೊಡುವ ಮೊದಲೇ ಕೇಳಿ: 'ಆಂಟಿಬಾಡಿ ಪಾಸಿಟಿವ್ ಬಂದರೆ ಇದೇ ರಕ್ತದಲ್ಲಿ ಆರ್‌ಎನ್‌ಎ ಕೂಡ ಮಾಡುತ್ತೀರಾ?' ಇದಕ್ಕೆ 'ರಿಫ್ಲೆಕ್ಸ್ ಟೆಸ್ಟ್' ಅನ್ನುತ್ತಾರೆ. ಮಾಡುವುದಾದರೆ ಒಂದು ಓಡಾಟ ಉಳಿಯಿತು.

ಫಲಿತಾಂಶ ಓದುವುದು ಹೀಗೆ. 'ನಾಟ್ ಡಿಟೆಕ್ಟೆಡ್' ಅಂತಿದ್ದರೆ ಈಗ ನಿಮ್ಮಲ್ಲಿ ವೈರಸ್ ಇಲ್ಲ. ಚಿಕಿತ್ಸೆ ಬೇಡ. ಇತ್ತೀಚೆಗಷ್ಟೇ ಸೋಂಕು ತಗುಲಿರಬಹುದು ಅನ್ನುವ ಅನುಮಾನವಿದ್ದರೆ ಮಾತ್ರ ಕೆಲವು ತಿಂಗಳ ಮೇಲೆ ಮತ್ತೊಮ್ಮೆ ನೋಡುತ್ತಾರೆ. 'ಡಿಟೆಕ್ಟೆಡ್' ಅಂತಿದ್ದರೆ ವೈರಸ್ ಇದೆ. ಪಕ್ಕದಲ್ಲಿ ಒಂದು ಅಂಕಿ ಇರುತ್ತದೆ, 8,40,000 ಅಂತಲೋ 32,00,000 ಅಂತಲೋ. ಸೊನ್ನೆಗಳನ್ನು ಎಣಿಸಿ ಎದೆ ಒಡೆದುಕೊಳ್ಳಬೇಡಿ. ಲಕ್ಷಗಳಲ್ಲಿ ಬರುವುದು ಈ ಕಾಯಿಲೆಯಲ್ಲಿ ಮಾಮೂಲು. ಅಂಕಿ ಜಾಸ್ತಿ ಇದೆ ಅಂದರೆ ಲಿವರ್ ಜಾಸ್ತಿ ಹಾಳಾಗಿದೆ ಅಂತಲ್ಲ. ಲಿವರ್‌ನ ಸ್ಥಿತಿ ತಿಳಿಯಲು ಬೇರೆ ಲೆಕ್ಕವಿದೆ.

ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ನೋಡುವುದು

ಹಿಂದೆ ಇದಕ್ಕೆ ಸೂಜಿ ಹಾಕಿ ಲಿವರ್‌ನ ಚೂರು ತೆಗೆಯುತ್ತಿದ್ದರು. ಈಗ ಬಹುತೇಕ ಯಾರಿಗೂ ಅದು ಬೇಕಾಗುವುದಿಲ್ಲ. ಮಾಮೂಲಿ ರಕ್ತ ಪರೀಕ್ಷೆಯ ಮೂರು ಅಂಕಿ ಮತ್ತು ನಿಮ್ಮ ವಯಸ್ಸು ಇದ್ದರೆ 'ಫಿಬ್-4' ಅನ್ನುವ ಲೆಕ್ಕ ಹಾಕಬಹುದು. ವಯಸ್ಸನ್ನು ಎಎಸ್‌ಟಿಯಿಂದ (ಎಎಲ್‌ಟಿ ಥರದ್ದೇ ಇನ್ನೊಂದು ಲಿವರ್ ಟೆಸ್ಟ್ ಅಂಕಿ) ಗುಣಿಸಿ. ಅದನ್ನು, ಪ್ಲೇಟ್‌ಲೆಟ್ ಸಂಖ್ಯೆ (ಸಾವಿರಗಳಲ್ಲಿ) ಮತ್ತು ಎಎಲ್‌ಟಿಯ ವರ್ಗಮೂಲ ಇವೆರಡರ ಗುಣಲಬ್ಧದಿಂದ ಭಾಗಿಸಿ.

ಒಂದು ಉದಾಹರಣೆ. ವಯಸ್ಸು 50, ಎಎಸ್‌ಟಿ 40, ಎಎಲ್‌ಟಿ 64, ಪ್ಲೇಟ್‌ಲೆಟ್ 2,00,000 ಅಂದರೆ 200. ಮೇಲೆ 50 ಗುಣಿಸು 40, ಅಂದರೆ 2000. ಕೆಳಗೆ 200 ಗುಣಿಸು 8, ಅಂದರೆ 1600. ಭಾಗಿಸಿದರೆ 1.25. 1.45ಕ್ಕಿಂತ ಕಡಿಮೆ ಇದ್ದರೆ ಲಿವರ್ ತೀವ್ರವಾಗಿ ಗಟ್ಟಿಯಾಗಿರುವ ಸಾಧ್ಯತೆ ಕಡಿಮೆ. 3.25ಕ್ಕಿಂತ ಜಾಸ್ತಿ ಇದ್ದರೆ ಸಾಧ್ಯತೆ ಹೆಚ್ಚು. ನಡುವೆ ಬಂದರೆ 'ಫೈಬ್ರೋಸ್ಕ್ಯಾನ್' ಮಾಡಿಸಲು ಹೇಳಬಹುದು. ಪಕ್ಕೆಲುಬಿನ ಮೇಲೆ ಸಣ್ಣಗೆ ತಟ್ಟಿದ ಹಾಗಾಗುತ್ತದೆ ಅಷ್ಟೇ, ನೋವಿಲ್ಲ.

ಈ ಲೆಕ್ಕ ನೀವೇ ಹಾಕಿ ನೀವೇ ತೀರ್ಮಾನ ಮಾಡಿ ಅಂತ ನಾನು ಹೇಳುತ್ತಿಲ್ಲ. ವೈದ್ಯರು ಏನು ನೋಡುತ್ತಿದ್ದಾರೆ ಅಂತ ಗೊತ್ತಿದ್ದರೆ ಪ್ರಶ್ನೆ ಕೇಳುವುದು ಸುಲಭ, ಅಲ್ವಾ?

ಮಾತ್ರೆ ಶುರು ಮಾಡುವ ಮುಂಚೆ

ಹಳೆಯ ರೋಗಿಗಳ ಮಾತು ಕೇಳಿ ಹೆದರಿದವರನ್ನು ನೋಡಿದ್ದೇನೆ. ಅವರ ಅನುಭವ ಸುಳ್ಳಲ್ಲ. ಆಗ ಇಂಟರ್‌ಫೆರಾನ್ ಇಂಜೆಕ್ಷನ್ ಇತ್ತು. ಆರು ತಿಂಗಳೋ ಒಂದು ವರ್ಷವೋ ಚುಚ್ಚಿಸಿಕೊಳ್ಳಬೇಕಿತ್ತು. ಜ್ವರ, ಮೈಕೈ ನೋವು, ಖಿನ್ನತೆ ಎಲ್ಲ ಸಹಿಸಿದರೂ ಗುಣವಾಗುತ್ತಿದ್ದವರು ಹೆಚ್ಚುಕಮ್ಮಿ ಅರ್ಧದಷ್ಟು ಜನ. 2013ರ ಕೊನೆಯಲ್ಲಿ ಸೋಫೋಸ್ಬುವಿರ್ ಅನ್ನುವ ಮಾತ್ರೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕ ಮೇಲೆ ಚಿತ್ರವೇ ಬದಲಾಯಿತು. ಈಗ ಸಾಮಾನ್ಯವಾಗಿ 8ರಿಂದ 12 ವಾರ ಮಾತ್ರೆ, 100ಕ್ಕೆ 95ಕ್ಕಿಂತ ಹೆಚ್ಚು ಜನ ಪೂರ್ತಿ ಗುಣ.

ಮಾತ್ರೆಗಳ ಹೆಸರು ನಾಲಿಗೆ ತಿರುಗಿಸುವಂಥವು. ಆದರೆ ಬಾಲ ನೋಡಿದರೆ ಜಾತಿ ಗೊತ್ತಾಗುತ್ತದೆ. 'ಬುವಿರ್' ಅಂತ ಮುಗಿದರೆ ಒಂದು ಗುಂಪು, ಸೋಫೋಸ್ಬುವಿರ್ ಇದ್ದಂತೆ. 'ಆಸ್ವಿರ್' ಇನ್ನೊಂದು: ಡಕ್ಲಾಟಾಸ್ವಿರ್, ವೆಲ್ಪಾಟಾಸ್ವಿರ್, ಪಿಬ್ರೆಂಟಾಸ್ವಿರ್. 'ಪ್ರೆವಿರ್' ಮೂರನೆಯದು, ಗ್ಲೆಕಾಪ್ರೆವಿರ್ ಇದ್ದಂತೆ. ವೈರಸ್ ತನ್ನ ನಕಲು ಮಾಡಿಕೊಳ್ಳುವ ಕೆಲಸದಲ್ಲಿ ಒಂದೊಂದು ಗುಂಪು ಒಂದೊಂದು ಕಡೆ ಅಡ್ಡಗಾಲು ಹಾಕುತ್ತದೆ. ಅದಕ್ಕೇ ಎರಡು ಮೂರು ಸೇರಿಸಿ ಕೊಡುವುದು. ಪ್ರೆವಿರ್ ಇರುವ ಮಾತ್ರೆಯನ್ನು ಲಿವರ್ ಸೋತು ಹೊಟ್ಟೆಯಲ್ಲಿ ನೀರು ತುಂಬಿಕೊಂಡವರಿಗೆ ಕೊಡುವುದಿಲ್ಲ. ಹಿಂದೆ ಒಮ್ಮೆಯಾದರೂ ಹಾಗಾಗಿದ್ದರೆ ಮರೆಯದೆ ಹೇಳಿ.

ವೈದ್ಯರ ಬಳಿ ಹೋಗುವಾಗ ನೀವು ತಿನ್ನುವ ಎಲ್ಲ ಔಷಧಿಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಬಾಯಲ್ಲಿ ಹೇಳಲು ಹೋದರೆ ಒಂದಾದರೂ ಮರೆತುಹೋಗುತ್ತದೆ. ಗ್ಯಾಸ್ಟ್ರಿಕ್ ಮಾತ್ರೆಯನ್ನು ಯಾರೂ ಔಷಧಿ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದರೆ ಒಮೆಪ್ರಜೋಲ್ ಥರದ ಮಾತ್ರೆ ತಿಂದರೆ ವೆಲ್ಪಾಟಾಸ್ವಿರ್ ದೇಹಕ್ಕೆ ಸರಿಯಾಗಿ ಹತ್ತುವುದಿಲ್ಲ. ಟಿಬಿಗೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್ ಮತ್ತು ಫೆನಿಟಾಯಿನ್ ಈ ಮಾತ್ರೆಗಳ ಬಲವನ್ನೇ ಕುಗ್ಗಿಸುತ್ತವೆ. ಹೃದಯ ಬಡಿತದ ತೊಂದರೆಗೆ ಕೊಡುವ ಅಮಿಯೋಡರೋನ್ ಜೊತೆ ಸೋಫೋಸ್ಬುವಿರ್ ಸೇರಿದರೆ ಬಡಿತ ಅಪಾಯಕಾರಿಯಾಗಿ ನಿಧಾನವಾಗಬಹುದು. ಗಿಡಮೂಲಿಕೆ ಪುಡಿ, ಲೇಹ್ಯ ಏನಿದ್ದರೂ ಚೀಲದಲ್ಲಿರಲಿ.

ಇನ್ನೊಂದು ಟೆಸ್ಟ್ ಆಗಿದೆಯಾ ಕೇಳಿ: ಹೆಪಟೈಟಿಸ್ ಬಿ. ಎರಡೂ ವೈರಸ್ ಇದ್ದರೆ ಸಾಮಾನ್ಯವಾಗಿ ಸಿ ಮೆರೆಯುತ್ತಿರುತ್ತದೆ, ಬಿ ಮೂಲೆಯಲ್ಲಿರುತ್ತದೆ. ಸಿ ಹೋದ ಕೂಡಲೇ ಬಿ ತಲೆ ಎತ್ತಿ ಲಿವರ್‌ಗೆ ಹೊಡೆತ ಕೊಡಬಹುದು. ಬಿ ಇಲ್ಲದಿದ್ದರೆ ಅದರ ಲಸಿಕೆ ಹಾಕಿಸಿಕೊಳ್ಳಿ.

ಗರ್ಭಿಣಿಯಾಗಿದ್ದರೆ ಅಥವಾ ಆಗುವ ಯೋಚನೆ ಇದ್ದರೆ ಮೊದಲೇ ಹೇಳಿ. ಕೆಲವರಿಗೆ ಜೊತೆಯಲ್ಲಿ ಕೊಡುವ ರೈಬಾವಿರಿನ್ ಮಗುವಿಗೆ ಹಾನಿ ಮಾಡುತ್ತದೆ. ಗಂಡ ತಿನ್ನುತ್ತಿದ್ದರೂ ಹೆಂಡತಿ ಗರ್ಭಿಣಿಯಾಗಬಾರದು, ನಿಲ್ಲಿಸಿದ ಮೇಲೂ ಕೆಲವು ತಿಂಗಳು.

ಆ ಹನ್ನೆರಡು ವಾರ

ದಿನಾ ಒಂದೇ ಹೊತ್ತು, ತಪ್ಪದೆ. ಕೆಲಸ ಇಷ್ಟೇ. ಸ್ವಲ್ಪ ತಲೆನೋವು, ಸುಸ್ತು ಇರಬಹುದು. ಬಹಳಷ್ಟು ಜನ ಎಂದಿನಂತೆ ಕೆಲಸಕ್ಕೆ ಹೋಗುತ್ತಾರೆ.

ಕೆಲವು ವಾರದಲ್ಲೇ ರಕ್ತದಲ್ಲಿ ವೈರಸ್ ಕಾಣದಂತಾಗುತ್ತದೆ. ಅಲ್ಲೇ ಎಡವುವುದು. 'ನೆಗೆಟಿವ್ ಬಂತಲ್ಲ, ಇನ್ಯಾಕೆ' ಅಂತ ನಿಲ್ಲಿಸಬೇಡಿ. ಲಿವರ್ ಒಳಗೆ ಉಳಿದ ನಾಲ್ಕಾರು ವೈರಸ್ ಮತ್ತೆ ಬೆಳೆಯುತ್ತವೆ, ಮಾತ್ರೆಗೆ ಬಗ್ಗದ ಹಾಗೆ ಬದಲಾಗಿಯೂ ಇರಬಹುದು. ಒಂದು ಮಾತ್ರೆ ತಪ್ಪಿದರೆ ಏನು ಮಾಡಬೇಕು ಅಂತ ಡಬ್ಬಿಯ ಜೊತೆಗಿನ ಚೀಟಿಯಲ್ಲಿರುತ್ತದೆ. ಮಾರನೇ ದಿನ ಎರಡು ಒಟ್ಟಿಗೆ ನುಂಗಬೇಡಿ. ಮಾತ್ರೆ ಮುಗಿಯುವ ಒಂದು ವಾರ ಮೊದಲೇ ಮುಂದಿನ ಡಬ್ಬಿ ಕೈಯಲ್ಲಿರಲಿ.

ಕುಡಿಯುವ ಅಭ್ಯಾಸವಿದ್ದರೆ ಬಿಡುವುದು ಒಳ್ಳೆಯದು, ವೈರಸ್ ಮತ್ತು ಮದ್ಯ ಎರಡೂ ಒಂದೇ ಲಿವರ್ ಮೇಲೆ ಬೀಳುತ್ತವೆ. ಆದರೆ ಕುಡಿತ ಬಿಡಲಾಗುತ್ತಿಲ್ಲ ಅಂತ ಚಿಕಿತ್ಸೆಯಿಂದ ದೂರ ಉಳಿಯಬೇಡಿ. ಕುಡಿಯುವವರಿಗೂ ಈ ಮಾತ್ರೆ ಕೆಲಸ ಮಾಡುತ್ತದೆ.

ಮನೆಯವರ ಜೊತೆ

ಒಟ್ಟಿಗೆ ಊಟ ಮಾಡಿ. ತಟ್ಟೆ ಲೋಟ ಬೇರೆ ಇಡುವುದು ಬೇಡ. ತಬ್ಬಿಕೊಂಡರೆ, ಮುತ್ತು ಕೊಟ್ಟರೆ, ಕೆಮ್ಮಿದರೆ, ಸೊಳ್ಳೆ ಕಚ್ಚಿದರೆ ಇದು ಹರಡುವುದಿಲ್ಲ. ಪಾತ್ರೆ ಬೇರೆ ಇಟ್ಟು ಮನುಷ್ಯನನ್ನು ಕುಗ್ಗಿಸುವುದರಿಂದ ವೈರಸ್‌ಗೆ ಏನೂ ಆಗುವುದಿಲ್ಲ.

ಬೇರೆ ಇಡಬೇಕಾದ್ದು ರೇಜರ್, ಬ್ರಷ್, ಉಗುರು ಕತ್ತರಿ. ನೆಲದ ಮೇಲೆ ರಕ್ತ ಬಿದ್ದರೆ ಕೈಗವಸು ಹಾಕಿಕೊಂಡು, ಒಂದು ಪಾಲು ಬ್ಲೀಚ್‌ಗೆ ಹತ್ತು ಪಾಲು ನೀರು ಬೆರೆಸಿ ಒರೆಸಿ. ಒಣಗಿದ ರಕ್ತ ಅಂತ ಉದಾಸೀನ ಬೇಡ, ಈ ವೈರಸ್ ಹೊರಗಡೆಯೂ ದಿನಗಟ್ಟಲೆ ಬದುಕುತ್ತದೆ. ಗಂಡ ಹೆಂಡತಿ ನಡುವೆ ಲೈಂಗಿಕ ಸಂಪರ್ಕದಿಂದ ಹರಡುವುದು ಅಪರೂಪ, ಆದರೂ ಸಂಗಾತಿ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಲಿ.

ತಾಯಿಯಿಂದ ಮಗುವಿಗೆ ಬರುವ ಸಾಧ್ಯತೆ 100ಕ್ಕೆ ಸುಮಾರು 6. ಎದೆಹಾಲು ಕೊಡಬಹುದು. ಮೊಲೆತೊಟ್ಟು ಒಡೆದು ರಕ್ತ ಬರುತ್ತಿದ್ದರೆ ವಾಸಿಯಾಗುವವರೆಗೆ ನಿಲ್ಲಿಸಿ. ಮಗುವಿಗೆ 18 ತಿಂಗಳಾಗುವ ಮುಂಚೆ ಆಂಟಿಬಾಡಿ ಟೆಸ್ಟ್ ಮಾಡಿಸಿ ಪ್ರಯೋಜನವಿಲ್ಲ, ತಾಯಿಯಿಂದ ಬಂದ ಆಂಟಿಬಾಡಿಯೇ ಕಾಣುತ್ತದೆ. ಅದಕ್ಕೂ ಮುಂಚೆ ತಿಳಿಯಬೇಕಿದ್ದರೆ ಆರ್‌ಎನ್‌ಎ ಟೆಸ್ಟ್ ಮಾಡುತ್ತಾರೆ. ಸೋಂಕು ಇದ್ದರೂ ಮೂರು ವರ್ಷ ದಾಟಿದ ಮಕ್ಕಳಿಗೆ ಈಗ ಚಿಕಿತ್ಸೆ ಇದೆ.

ಗುಣವಾಯಿತಾ?

ಕೊನೆಯ ಮಾತ್ರೆ ನುಂಗಿದ ದಿನ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಅಲ್ಲಿಂದ 12 ವಾರ ಎಣಿಸಿ. ಆ ದಿನ ಮತ್ತೆ ಆರ್‌ಎನ್‌ಎ ಟೆಸ್ಟ್. 'ನಾಟ್ ಡಿಟೆಕ್ಟೆಡ್' ಬಂದರೆ ಗುಣವಾಗಿದೆ. ಹದ್ದುಬಸ್ತಿನಲ್ಲಿದೆ ಅಂತಲ್ಲ, ಹೋಗಿದೆ ಅಂತಲೇ ಅರ್ಥ. ಅಕಸ್ಮಾತ್ ಬರದಿದ್ದರೆ ಎರಡನೇ ಸಲಕ್ಕೆ ಬೇರೆ ಮಾತ್ರೆಗಳ ಜೋಡಿ ಇದೆ.

ಸಿರೋಸಿಸ್ ಆಗಿದ್ದವರಿಗೆ ಮಾತ್ರ ಇಲ್ಲಿಗೆ ಮುಗಿಯುವುದಿಲ್ಲ. ವೈರಸ್ ಹೋದರೂ ಕಲೆ ಉಳಿದಿರುತ್ತದೆ, ಕ್ಯಾನ್ಸರ್ ಅಪಾಯ ಕಡಿಮೆಯಾಗುತ್ತದೆ, ಸೊನ್ನೆಯಾಗುವುದಿಲ್ಲ. ಆರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸುತ್ತಲೇ ಇರಬೇಕು. ಗುಣವಾದವರಿಗೆ ಸೋಂಕು ಮತ್ತೆ ತಗುಲುವುದಿಲ್ಲ ಅಂತಲೂ ಇಲ್ಲ. ರಕ್ತದಲ್ಲಿ ಉಳಿದ ಆಂಟಿಬಾಡಿ ಕಾಪಾಡುವುದಿಲ್ಲ.

ಆ ಕೊನೆಯ ರಿಪೋರ್ಟನ್ನು ಜೋಪಾನವಾಗಿಡಿ, ಫೋನ್‌ನಲ್ಲೂ ಒಂದು ಫೋಟೋ ಇರಲಿ. ಮುಂದೆ ಯಾವತ್ತೋ ಹಲ್ಲು ಕೀಳಿಸಲೋ ಕಣ್ಣಿನ ಪೊರೆ ತೆಗೆಸಲೋ ಹೋದಾಗ ರಕ್ತ ಪರೀಕ್ಷೆ ಮಾಡುತ್ತಾರೆ. ಅದರಲ್ಲಿ ಮತ್ತೆ ಅದೇ ಸಾಲು ದಪ್ಪ ಅಕ್ಷರದಲ್ಲಿ ಬರುತ್ತದೆ: 'ಆಂಟಿ ಎಚ್‌ಸಿವಿ – ರಿಯಾಕ್ಟಿವ್'. ಎದುರಿಗಿರುವವರು ಹುಬ್ಬೇರಿಸುವ ಮುಂಚೆ ಆ ಫೋಟೋ ತೆಗೆದು ತೋರಿಸಿ.